ಶನಿವಾರದ ಐದು ನಿಮಿಷ

"ಹಾಗಾದ್ರೆ ನನ್ನ ತಮ್ಮ ಕಳ್ಳ ಅಂತ ನೀವೂ ಹೇಳ್ತೀರಾ, ಸಾರ್?"

ತನುಜಾಳ ದನಿಗೆ ಮುಂದಿನ ಸೀಟಿನ ಇಬ್ಬರು ಹೆಂಗಸರು ಕತ್ತು ತಿರುಗಿಸಿದರು. ಬಸ್ಸು ಇನ್ನೂ ಶಿವಮೊಗ್ಗದ ಸ್ಟ್ಯಾಂಡ್ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಏಕಾಂತಪ್ಪ ತೊಡೆಯ ಮೇಲಿದ್ದ ಹಾಳೆಗಳು ಹಾರದಂತೆ ಅಂಗೈ ಊರಿಕೊಂಡು ಅವಳನ್ನೇ ದುರುಗುಟ್ಟಿ ನೋಡಿದ.

"ನಾನೆಲ್ಲಿ ಹಾಗಂದೆ ಮಾರಾಯ್ತಿ? ಶನಿವಾರದ ಟ್ರಿಪ್ಪಿಗೂ ಬುಧವಾರದ ಟ್ರಿಪ್ಪಿಗೂ ವ್ಯತ್ಯಾಸ ಇದೆ ಅಂದೆ. ಇದೆ ಅನ್ನೋದು ಬೇರೆ, ಯಾಕಿದೆ ಅನ್ನೋದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡ."

"ಇನ್ಸ್‌ಪೆಕ್ಟರ್ ಜಯಕುಮಾರ್ ಹೇಳಿದ್ದೂ ಅದನ್ನೇ."

"ಅವರು ಮೂರು ಶನಿವಾರ ನೋಡಿ ಹೇಳಿದ್ರು. ನಾನು ಹನ್ನೆರಡು ನೋಡಿ ಹೇಳ್ತಾ ಇದೀನಿ."

"ಅವರು ಹಗ್ಗದಲ್ಲಿ ಕಟ್ಟಿದ್ರು. ನೀವು ಸರಪಳಿ ಹಾಕಿದ್ರಿ. ಅಷ್ಟೇ ತಾನೇ?"

ಮಾತು ಚುರುಕ್ ಅಂದಿತು. ಏಕಾಂತಪ್ಪನ ಸಿಟ್ಟು ಮೂಗಿನ ತುದಿಗೆ ಬಂದು, ಅಲ್ಲೇ ನಿಂತು, ಹಿಂದಕ್ಕೆ ಹೋಯಿತು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಭದ್ರಾವತಿಯ ಊರಬಾಗಿಲಲ್ಲೇ ಇರುವ, ಎಂಟು ವರ್ಷದಿಂದ ಮುಚ್ಚಿರುವ ಮಂಜರಿ ಎರಕದ ಕಾರ್ಖಾನೆಯಿಂದ ಹಿತ್ತಾಳೆ ಅಚ್ಚುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು, ಅದೂ ಕಾವಲುಗಾರನಿಗೆ ರಜೆ ಇರುವ ಶನಿವಾರಗಳಲ್ಲೇ. ಅಂಥದ್ದೊಂದು ಅಚ್ಚು ತನುಜಾಳ ತಮ್ಮ ಲೋಹಿತ್ ಓಡಿಸುವ ಬಸ್ಸಿನ ಡಿಕ್ಕಿಯಲ್ಲಿ ಸಿಕ್ಕಿ ಐದು ದಿನವಾಗಿತ್ತು. ಆ ಐದು ದಿನವೂ ಲೋಹಿತ್ ಒಳಗಿದ್ದ. ಹೊಡೆದು ಕೇಳಿದರೂ, ಒಳ್ಳೆಯ ಮಾತಲ್ಲಿ ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಸೋಮವಾರ ಅವನ ಜಾಮೀನು ಅರ್ಜಿ ಕೋರ್ಟಿಗೆ ಬರುತ್ತಿತ್ತು. ಕೈಯಲ್ಲಿ ಕೊಡುವುದಕ್ಕೆ ಏನಾದರೂ ಇದ್ದರೆ ತನ್ನಿ, ಇಲ್ಲದಿದ್ದರೆ ಹುಡುಗನ ಲೈಸೆನ್ಸೂ ಹೋಯಿತು, ಬಾಳೂ ಹೋಯಿತು ಅಂತ ವಕೀಲರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಪೊಲೀಸರ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಅಂದರೆ ಬಸ್ ಸ್ಟ್ಯಾಂಡಿನ ಪುಸ್ತಕ; ವಕೀಲರು ಕೊಡಿಸಿದ ಅದರ ನಕಲೇ ಏಕಾಂತಪ್ಪನ ತೊಡೆಯ ಮೇಲಿತ್ತು. ಖಾಸಗಿ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು ಅಂತ ಎರಡೂ ಊರಿನಲ್ಲಿ ಟೈಮ್ ಕೀಪರು ಬರೆದಿಡುತ್ತಾನೆ. ಅದರ ಪ್ರಕಾರ ಲೋಹಿತ್‌ನ ಒಂಬತ್ತು ಹತ್ತರ ಬಸ್ಸು ಶನಿವಾರ ಮಾತ್ರ ತಡವಾಗಿ ಭದ್ರಾವತಿ ತಲುಪುತ್ತಿತ್ತು. ಕಾರ್ಖಾನೆಯ ಹಿಂಗೋಡೆಯ ಹತ್ತಿರ ಬಸ್ಸು ನಿಲ್ಲಿಸಿ ಮಾಲು ತುಂಬಿಕೊಂಡಿದ್ದಾನೆ ಎನ್ನುವುದು ಅವರ ವಾದ.

"ರೈಟ್, ರೈಟ್!" ಕಂಡಕ್ಟರ್ ಮುರುಗೇಶಪ್ಪ ಬಾಗಿಲಿಗೆ ಬಡಿದ.

ಏಕಾಂತಪ್ಪ ಕೈಗಡಿಯಾರ ನೋಡಿದ. ಒಂಬತ್ತು ಹತ್ತು. ಬೆಳಿಗ್ಗೆಯೇ ರೇಡಿಯೋಗೂ ಫೋನಿಗೂ ತಾಳೆ ನೋಡಿ ಸರಿಮಾಡಿಕೊಂಡಿದ್ದ ಗಡಿಯಾರ. ಹಾಳೆಯ ಅಂಚಿನಲ್ಲಿ ಬರೆದುಕೊಂಡ.

"ಏನ್ ಸಾರ್, ಹತ್ತಿದಾಗಿಂದ ಗಡಿಯಾರ ನೋಡ್ತಾ ಇದೀರಿ? ಬಸ್ಸಿಗೇನು ಹೆರಿಗೆ ನೋವಾ?" ಅಂದ ಮುರುಗೇಶಪ್ಪ.

"ನಿನ್ನ ಬಸ್ಸು ಹಡೆಯೋದನ್ನೇ ಕಾಯ್ತಾ ಇದೀನಿ. ಮುಂದೆ ಹೋಗಿ ಟಿಕೆಟ್ ಕೊಡು."

ಅದೇ ಬಸ್ಸು, ಅದೇ ಟ್ರಿಪ್ಪು, ಅದೇ ಶನಿವಾರ. ಡ್ರೈವರ್ ಮಾತ್ರ ಬೇರೆ. ಅದನ್ನು ಕಣ್ಣಾರೆ ನೋಡಬೇಕೆಂದೇ ಏಕಾಂತಪ್ಪ ಹತ್ತಿದ್ದ.

ತನುಜಾ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ವಕೀಲರನ್ನು ಕಾಣುವುದಕ್ಕೆ ಮೊದಲ ಬಸ್ಸಿಗೇ ಭದ್ರಾವತಿಯಿಂದ ಬಂದವಳು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆ ಸುತ್ತಿದ ಡಬ್ಬಿಯೊಂದನ್ನು ಚೀಲದಿಂದ ತೆಗೆದು ಅವನ ಮುಂದೆ ಹಿಡಿದಳು. ಜಗಳ ಇನ್ನೂ ಮುಗಿದಿಲ್ಲ, ಆದರೆ ತಿಂಡಿಗೆ ಜಗಳ ಇಲ್ಲ ಅನ್ನುವ ಹಾಗೆ.

"ಅಕ್ಕಿ ರೊಟ್ಟಿ. ಅಮ್ಮ ಕಟ್ಟಿಕೊಟ್ರು. ಅವರದ್ದು ಇವತ್ತು ಒಪ್ಪೊತ್ತು. ಅಪ್ಪ ಹೋದಾಗಿನಿಂದ ಶನಿವಾರ ಬೆಳಿಗ್ಗೆ ಗುಡಿಗೆ ಹೋಗದೆ ಬಾಯಿಗೆ ನೀರು ಹಾಕಲ್ಲ."

ಏಕಾಂತಪ್ಪ ರೊಟ್ಟಿ ಮುರಿದ. ಸಿಟ್ಟುಗಾರರಿಗೆ ಹಸಿವೂ ಜಾಸ್ತಿ.

"ಕೇಳು ತಂಗಿ," ಅಂದ ಬಾಯಿ ತುಂಬಿಕೊಂಡೇ. "ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತಾರಲ್ಲ, ಯಾಕೆ ಸಾಕು? ಸೌಟು ಹಾಕಿ ತಿರುವಿರ್ತೀವಿ, ಅದಕ್ಕೆ. ಬಸ್ಸಿಗೆ ಸೌಟು ಹಾಕೋರು ಯಾರು? ಒಂದಿನ ಎಮ್ಮೆ ಅಡ್ಡ ಬರ್ತದೆ, ಒಂದಿನ ರೈಲ್ವೆ ಗೇಟು ಹಾಕ್ತಾರೆ. ಒಂದು ಟ್ರಿಪ್ಪು, ಮೂರು ಟ್ರಿಪ್ಪು ನೋಡಿ ಏನೂ ಹೇಳೋಕಾಗಲ್ಲ. ಅದಕ್ಕೇ ಹನ್ನೆರಡು ಶನಿವಾರ, ಹನ್ನೆರಡು ಬುಧವಾರ ತಗೊಂಡೆ. ಮಂಗಳವಾರ ಸಂತೆ ಗಲಾಟೆ, ಅದು ಬೇಡ ಅಂತ ಬಿಟ್ಟೆ."

"ನೀವು ಮೊದಲು ಕೃಷಿ ಇಲಾಖೆಯಲ್ಲಿ ಇದ್ರಂತಲ್ಲ?"

"ಸಾಂಖ್ಯಿಕ ಇಲಾಖೆ. ಮೂವತ್ತನಾಲ್ಕು ವರ್ಷ. ಗದ್ದೆಗೆ ಹೋಗಿ ಹಗ್ಗ ಹಿಡಿದು, ಗೂಟ ಹೊಡೆದು, ಕೊಯ್ದು, ಬಡಿದು, ತೂಗಿ, ಈ ಹೋಬಳಿಯಲ್ಲಿ ಎಕರೆಗೆ ಎಷ್ಟು ಬೆಳೀತು ಅಂತ ಬರೆಯೋ ಕೆಲಸ."

ಹೇಳುತ್ತಾ ಹೇಳುತ್ತಾ ಅವನ ಕಣ್ಣು ಮೆತ್ತಗಾಯಿತು. ಕೆಲಸಕ್ಕೆ ಸೇರಿದ ಹೊಸದು. ಹೊಳೆಹೊನ್ನೂರಿನ ಕಡೆ ಭತ್ತದ ಕೊಯ್ಲು. ಹೊಸ ತಳಿ ಹಳೆ ತಳಿಗಿಂತ ಹೆಚ್ಚು ಕೊಡುತ್ತದೋ ಇಲ್ಲವೋ ಅಂತ ಊರೆಲ್ಲ ಜಗಳ. ಇಪ್ಪತ್ತಾರರ ಏಕಾಂತಪ್ಪ ಅದೊಂದು ಗದ್ದೆ, ಇದೊಂದು ಗದ್ದೆ ಕೊಯ್ದು, ತಕ್ಕಡಿ ನೋಡಿ, "ಹೊಸದೇ ಮೇಲು!" ಅಂತ ಬದುವಿನ ಮೇಲೆ ನಿಂತು ಕೂಗಿದ್ದ.

ಹಿಂದೆ ಛತ್ರಿ ಹಿಡಿದು ನಿಂತಿದ್ದರು ಅವನ ಮೇಲಧಿಕಾರಿ ಶಂಕರನಾರಾಯಣ ಸಾಹೇಬರು. ತೆಳ್ಳಗೆ, ಬಿಳಿ ಪಂಚೆ, ಗದ್ದೆಯ ಕೆಸರಿನಲ್ಲೂ ಮಡಿ ಕೆಡದ ಮನುಷ್ಯ.

"ಎರಡು ಗದ್ದೆ ಕೊಯ್ದು ಎರಡು ಜಾತಿ ಭತ್ತದ ಜಾತಕ ಬರೀತೀಯೇನೋ?" ಅಂದಿದ್ದರು. "ಮೊದಲು ವ್ಯತ್ಯಾಸವೇ ಇಲ್ಲ ಅಂತ ನಂಬು. ಅದರ ಪರ ವಕಾಲತ್ತು ಮಾಡು. ಬಿಸಿಲು, ನೀರು, ಗೊಬ್ಬರ, ಅದೃಷ್ಟ, ಏನೇನು ನೆಪ ಉಂಟೋ ಎಲ್ಲಾ ಹೇಳು. ಇನ್ನು ಹಿಡಿದಿಡೋಕೆ ಕೈಯಲ್ಲಿ ಆಗಲ್ಲ ಅನ್ನಿಸಿದಾಗ ಬಿಡು. ಅಲ್ಲೀವರೆಗೆ ಬಾಯಿ ಮುಚ್ಚು."

ಸಾಹೇಬರು ಹೋಗಿ ಎಷ್ಟೋ ವರ್ಷವಾಯಿತು. ಏಕಾಂತಪ್ಪ ನಿವೃತ್ತಿಯಾಗಿ, ಯಾರ್ಯಾರದೋ ಮನೆಯ ಕಳವು, ಯಾರ್ಯಾರದೋ ಮೋಸ ಪತ್ತೆ ಮಾಡುತ್ತಾ ತಿರುಗುವ ಈ ಹೊಸ ಚಾಳಿಗೆ ಬಿದ್ದು ಎರಡು ವರ್ಷ. ಆದರೆ ಹೊಸ ಕೇಸು ಕೈಗೆ ಬಂದಾಗಲೆಲ್ಲ ಆ ಛತ್ರಿಯ ನೆರಳು ತಲೆಯ ಮೇಲೆ ಬೀಳುತ್ತಿತ್ತು.

"ನಿನ್ನ ತಮ್ಮನ ಪರ ವಕಾಲತ್ತು ಮಾಡಿದೆ ತಂಗಿ. ಶನಿವಾರ, ಬುಧವಾರ ಎರಡೂ ಒಂದೇ ಅಂತ ಹಿಡ್ಕೊಂಡೆ. ಬುಧವಾರದ ಸರಾಸರಿ ನಲವತ್ತೆರಡು ನಿಮಿಷ. ಶನಿವಾರದ್ದು ನಲವತ್ತೇಳು. ಒಂದೊಂದು ಟ್ರಿಪ್ಪು ಎರಡು ನಿಮಿಷ ಆಚೆ ಈಚೆ ಆಡ್ತದೆ, ನಿಜ. ಆದ್ರೆ ಹನ್ನೆರಡರ ಸರಾಸರಿ ಅಷ್ಟು ಆಡಲ್ಲ. ಒಂದರ ಹುಚ್ಚನ್ನ ಇನ್ನೊಂದು ಹಿಡಿದು ಕೂರಿಸ್ತದೆ. ಎರಡು ಸರಾಸರಿ ಮಧ್ಯೆ ಸುಮ್ಮಸುಮ್ಮನೆ ಬರಬಹುದಾದ ವ್ಯತ್ಯಾಸ ಮುಕ್ಕಾಲು ನಿಮಿಷ, ಜಾಸ್ತಿ ಅಂದ್ರೆ ಒಂದೂವರೆ. ಬಂದಿರೋದು ಐದು. ಅದೃಷ್ಟದ ತಲೆಗೆ ಕಟ್ಟೋಕೆ ಆಗಲ್ಲ."

ತನುಜಾ ಹೊರಗೆ ನೋಡುತ್ತಲೇ ಇದ್ದಳು. ಮಲವಗೊಪ್ಪ ಹಿಂದಕ್ಕೆ ಹೋಯಿತು.

"ಹಾಗಾದ್ರೆ ಬರುವಾಗ?" ಅಂದಳು ಒಮ್ಮೆಲೇ.

"ಏನು ಬರುವಾಗ?"

"ಶನಿವಾರ ತಡ ತಡ ಅಂತೀರಲ್ಲ, ಶನಿವಾರ ವಾಪಸ್ ಬರೋ ಟ್ರಿಪ್ಪಲ್ಲಿ ಅವನಷ್ಟು ಬೇಗ ಬರೋರು ಯಾರೂ ಇಲ್ಲ ಅಂತ ಮಾಲೀಕರೇ ಬೆನ್ನು ತಟ್ಟಿದ್ರು. ಮನೆಗೆ ಬಂದು ನಗ್ತಾ ಹೇಳಿದ್ದ."

"ನಗ್ತಾ?"

"ಹೂಂ. ನಾನೇನೂ ಮಾಡಿಲ್ಲ ಅಕ್ಕ, ಸುಮ್ಮನೆ ಹೊಗಳ್ತಾರೆ ಅಂತ."

ಏಕಾಂತಪ್ಪನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ನಂತರ ಅವನು ತನ್ನ ಹಣೆಗೆ ತಾನೇ ಹೊಡೆದುಕೊಂಡ ಸದ್ದಿಗೆ ಮುಂದಿನ ಸೀಟಿನ ಹೆಂಗಸರು ಮತ್ತೆ ತಿರುಗಿದರು.

"ಕತ್ತೆ! ನಾನೊಂದು ಕತ್ತೆ! ಹೋಗೋ ಟ್ರಿಪ್ಪಿನ ಹಾಳೆ ಮಾತ್ರ ನೋಡಿದೀನಿ. ಬರೋದರ ಹಾಳೆ ಇಲ್ಲೇ ಕೆಳಗಿದೆ, ಮುಟ್ಟೇ ಇಲ್ಲ."

ಡಬ್ಬಿ ಅವಳ ಮಡಿಲಿಗೆ ಹೋಯಿತು. ಪೆನ್ಸಿಲ್ ಬಂತು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅಂಕಿ ಕುಣಿಯಿತು, ಏಕಾಂತಪ್ಪ ಡ್ರೈವರನ ವಂಶವನ್ನೆಲ್ಲ ನೆನೆಸಿದ. ನಿದಿಗೆ ದಾಟಿತು. ಮಾಚೇನಹಳ್ಳಿ ಬರುವ ಹೊತ್ತಿಗೆ ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಸೀಟಿಗೆ ಒರಗಿದ.

"ಹೇಳಿ ಸಾರ್," ಅಂದಳು ತನುಜಾ.

"ವಾಪಸ್ ಟ್ರಿಪ್ಪು. ಬುಧವಾರ ನಲವತ್ತೊಂದು. ಶನಿವಾರ ಮೂವತ್ತಾರು. ಹೋಗುವಾಗ ಐದು ಜಾಸ್ತಿ, ಬರುವಾಗ ಐದು ಕಡಿಮೆ. ಹೋಗಿ ಬರೋದು ಎರಡನ್ನೂ ಕೂಡಿಸಿದ್ರೆ ಶನಿವಾರವೂ ಎಂಬತ್ತಮೂರು, ಬುಧವಾರವೂ ಎಂಬತ್ತಮೂರು. ವ್ಯತ್ಯಾಸ ಕಾಲು ನಿಮಿಷವೂ ಇಲ್ಲ. ಕಾಲು ನಿಮಿಷ ಅಂದ್ರೆ ಏನೂ ಅಲ್ಲ, ಅದೃಷ್ಟದ ಆಟ."

"ಅಂದ್ರೆ?"

"ಅಂದ್ರೆ ಎರಡರಲ್ಲಿ ಒಂದು. ಒಂದು, ನಿನ್ನ ತಮ್ಮ ಐದು ನಿಮಿಷ ನಿಂತು ಕದ್ದು, ಬರುವಾಗ ಸರಿಯಾಗಿ ಐದೇ ನಿಮಿಷ ಓಡಿಸಿ ಹೊಂದಿಸಿದ. ಜಯಕುಮಾರ್ ಹಾಗೇ ಹೇಳ್ತಾರೆ. ಇನ್ನೊಂದು, ಬಸ್ಸು ಎಲ್ಲೂ ನಿಂತಿಲ್ಲ. ಹೋಗೋ ಟ್ರಿಪ್ಪು ಮುಗಿಯೋದು ಭದ್ರಾವತಿಯ ಗಡಿಯಾರದಲ್ಲಿ. ಬರೋ ಟ್ರಿಪ್ಪು ಶುರುವಾಗೋದೂ ಅದರಲ್ಲೇ. ಆ ಗಡಿಯಾರ ಶನಿವಾರ ಮಾತ್ರ ಐದು ನಿಮಿಷ ಮುಂದೆ ಓಡಿದ್ರೆ, ಹೋಗುವಾಗ ಐದು ಸೇರ್ತದೆ, ಬರುವಾಗ ಅದೇ ಐದು ಕಳೀತದೆ."

"ಶನಿವಾರ ಮಾತ್ರ ಮುಂದೆ ಓಡೋ ಗಡಿಯಾರ ಎಲ್ಲಾದ್ರೂ ಉಂಟಾ ಸಾರ್?"

"ಅದನ್ನೇ ನೋಡೋಕೆ ಹೋಗ್ತಾ ಇರೋದು. ಕಣ್ಣು ಬಿಟ್ಕೊಂಡು ಕೂರು. ಬಸ್ಸು ಎಲ್ಲಾದ್ರೂ ಸುಮ್ಮನೆ ನಿಂತರೆ ನನ್ನ ಪಕ್ಕೆಗೆ ತಿವಿ."

ಬಸ್ಸು ನಿಲ್ಲಲಿಲ್ಲ. ಕಾರ್ಖಾನೆಯ ಉದ್ದನೆಯ ಹಿಂಗೋಡೆ ಬಂತು. ಗೋಡೆಯ ಮೇಲೆ ಆಲದ ಸಸಿ ಹುಟ್ಟಿತ್ತು. ಚಿಮಣಿಯ ತುದಿಯಲ್ಲಿ ಹದ್ದೊಂದು ಕೂತಿತ್ತು.

ಹಿಂದೆ ಇದೇ ದಾರಿಯಲ್ಲಿ, ಇದೇ ಹೊತ್ತಿನಲ್ಲಿ, ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ತೂಕದ ತಕ್ಕಡಿಯ ಚೀಲ ಹೊತ್ತ ಏಕಾಂತಪ್ಪ, ಊಟದ ಕ್ಯಾರಿಯರ್ ಹಿಡಿದ ನೂರು ಜನ. ತಮಿಳು ಒಂದು ಕಿವಿಗೆ, ತೆಲುಗು ಒಂದು ಕಿವಿಗೆ, ಎರಡಕ್ಕೂ ಕನ್ನಡದಲ್ಲಿ ಬೈಗುಳ. ಊರು ಹತ್ತಿರವಾದಂತೆ ಸುಟ್ಟ ಮರಳಿನ ವಾಸನೆ. ಆಮೇಲೆ ಸೈರನ್. ಅದು ಕೂಗಿತೆಂದರೆ ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಭದ್ರಾವತಿಯಲ್ಲಿ ಆಗ ಸೂರ್ಯನೂ ಸೈರನ್ ಕೇಳಿ ಹುಟ್ಟುತ್ತಾನೆ ಅಂತ ತಮಾಷೆ ಮಾಡುತ್ತಿದ್ದರು.

ಬಸ್ಸು ಸ್ಟ್ಯಾಂಡಿನೊಳಗೆ ನುಗ್ಗಿ ನಿಂತಿತು. ಏಕಾಂತಪ್ಪ ಗಡಿಯಾರ ನೋಡಿದ. ಒಂಬತ್ತು ಐವತ್ತೆರಡು. ಸರಿಯಾಗಿ ನಲವತ್ತೆರಡು ನಿಮಿಷ.

ಜನರನ್ನು ತಳ್ಳಿಕೊಂಡು ಇಳಿದು ನೇರ ಟೈಮ್ ಕೀಪರನ ಗೂಡಿಗೆ ನಡೆದ. ಮರದ ಸಣ್ಣ ಗೂಡು, ಎದುರಿಗೆ ಮೈಕು, ಮೇಜಿನ ಮೇಲೆ ಹೊಸ ಪುಸ್ತಕ. ಒಳಗೆ ಎಪ್ಪತ್ತರ ಮೇಲಿನ ಮುದುಕನೊಬ್ಬ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಸೈನಿಕನ ಹಾಗೆ ನೆಟ್ಟಗೆ ಕೂತಿದ್ದ. ತನ್ನ ಮಣಿಕಟ್ಟು ನೋಡಿಕೊಂಡು ಪುಸ್ತಕದಲ್ಲಿ ಬರೆಯುತ್ತಿದ್ದ.

ಏಕಾಂತಪ್ಪ ಬಗ್ಗಿ ಓದಿದ. ಒಂಬತ್ತು ಐವತ್ತೇಳು.

"ತಪ್ಪು ಬರೆದಿದ್ದೀರಿ," ಅಂದ.

ಮುದುಕ ತಲೆ ಎತ್ತಲಿಲ್ಲ. "ಮೂರ್ತಪ್ಪ ತಪ್ಪು ಬರೆಯಲ್ಲ. ಪಕ್ಕಕ್ಕೆ ಸರೀರಿ, ಗಾಳಿ ಬರಲಿ."

"ನನ್ನ ಗಡಿಯಾರದಲ್ಲಿ ಐವತ್ತೆರಡು."

"ನಿಮ್ಮ ಗಡಿಯಾರ ರಿಪೇರಿಗೆ ಕೊಡಿ."

"ನನ್ನ ಫೋನಿನಲ್ಲೂ ಐವತ್ತೆರಡು. ಈ ಗೂಡಿನ ಗೋಡೆ ಮೇಲೆ ತೂಗುಹಾಕಿದ್ದೀರಲ್ಲ, ಆ ಗಡಿಯಾರದಲ್ಲೂ ಐವತ್ತೆರಡು! ತಲೆ ಎತ್ತಿ ನೋಡ್ರೀ!"

ಏಕಾಂತಪ್ಪನ ದನಿಗೆ ಕಡಲೆಕಾಯಿ ಮಾರುವವನೂ ಕೈ ನಿಲ್ಲಿಸಿದ. ಮೂರ್ತಪ್ಪ ಪೆನ್ನಿನ ಮುಚ್ಚಳ ಹಾಕಿ, ಜೇಬಿಗಿಟ್ಟು, ನಿಧಾನಕ್ಕೆ ಎದ್ದು ನಿಂತ. ಅವನಿಗೂ ಸಿಟ್ಟು ಬರುತ್ತಿತ್ತು.

"ಆ ಗೋಡೆ ಗಡಿಯಾರ ವಾರದ ಆರು ದಿನ ಇಲ್ಲಿ ಕೂರೋ ಹುಡುಗಂದು. ಅವನಿಗೆ ಶನಿವಾರ ರಜೆ, ಆವತ್ತು ನಾನು. ನಾನು ಬರೆಯೋದು ಇದರಲ್ಲಿ." ಮಣಿಕಟ್ಟು ಮುಂದೆ ಚಾಚಿದ. "ಇದು ಕಂಪನಿ ಕೊಟ್ಟಿದ್ದು ಸಾರ್. ಮಂಜರಿ ಗೇಟಿನಲ್ಲಿ ಇಪ್ಪತ್ತೈದು ವರ್ಷ ನಿಂತಿದ್ದಕ್ಕೆ ಕೊಟ್ಟಿದ್ದು. ಹಿಂದೆ ನನ್ನ ಹೆಸರು ಕೆತ್ತಿದೆ. ಇದಕ್ಕೆ ಸುಳ್ಳು ಹೇಳೋಕೆ ಬರಲ್ಲ."

"ಸುಳ್ಳು ಹೇಳಲ್ಲ, ಐದು ನಿಮಿಷ ಮುಂದೆ ಹೇಳ್ತದೆ!"

"ಮುಂದೆ ಅಲ್ಲ. ಅದು ಕಾರ್ಖಾನೆ ಟೈಮು!"

ಹೇಳಿದ ಮೇಲೆ ಮುದುಕ ಮಣಿಕಟ್ಟನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ.

ತನುಜಾ ಹಿಂದೆ ಬಂದು ನಿಂತಿದ್ದಳು. ಏಕಾಂತಪ್ಪ ದನಿ ಇಳಿಸಿದ. "ಕಾರ್ಖಾನೆ ಟೈಮು ಅಂದ್ರೆ?"

"ಮೊದಲನೇ ಸೈರನ್ ಪಾಳಿಗೆ ಐದು ನಿಮಿಷ ಮುಂಚೆ ಆಗೋದು," ಅಂದ ಮೂರ್ತಪ್ಪ. "ಎರಡನೇದು ಆಗೋದರೊಳಗೆ ಗೇಟು ಹಾಕ್ಬೇಕು. ಗೇಟು ಹಾಕಿದ್ರೆ ಅರ್ಧ ದಿನದ ಕೆಲಸ ಹೋಯ್ತು. ಮನೇಲಿ ಮಕ್ಕಳಿರ್ತಾರಲ್ಲ ಸಾರ್, ನನ್ನ ಕೈಯಲ್ಲಿ ಯಾರ ಮುಖಕ್ಕೂ ಗೇಟು ಹಾಕೋಕೆ ಆಗ್ತಿರಲಿಲ್ಲ. ಅದಕ್ಕೇ ನಾನೇ ಎಲ್ಲರಿಗೂ ಹೇಳಿದೆ, ಗಡಿಯಾರ ಐದು ನಿಮಿಷ ಮುಂದೆ ಇಟ್ಕೊಳ್ರೋ ಅಂತ. ಆರುನೂರು ಜನ ಇಟ್ಕೊಂಡ್ರು. ಮದುವೆ ಮುಹೂರ್ತವೂ ಅದರಲ್ಲೇ. ನನ್ನ ಮಗಳ ಧಾರೆ ಆಗಿದ್ದೂ ಕಾರ್ಖಾನೆ ಟೈಮಲ್ಲೇ. ಪುರೋಹಿತರು ಇನ್ನೂ ಸ್ನಾನ ಮಾಡ್ತಿದ್ರು!"

ನಕ್ಕ. ನಗು ಅರ್ಧಕ್ಕೇ ನಿಂತಿತು.

"ಕಾರ್ಖಾನೆ ಮುಚ್ಚಿತು. ಒಬ್ಬೊಬ್ಬರೇ ಫೋನು ನೋಡೋಕೆ ಶುರು ಮಾಡಿದ್ರು. ನಾನು ಈ ಮುಳ್ಳನ್ನ ಹಿಂದಕ್ಕೆ ತಿರುಗಿಸೋಕೆ ಎರಡು ಸಲ ನೋಡಿದೆ ಸಾರ್. ಆಗಲಿಲ್ಲ."

ಏಕಾಂತಪ್ಪನಿಗೆ ಮುದುಕನ ಮೇಲೆ ಮರುಕ ಬಂತು. ಅದು ತಿಳಿಯಬಾರದೆಂದು ಇನ್ನೂ ಜೋರಾಗಿ ಕೂಗಿದ.

"ನಿಮ್ಮ ಈ ಐದು ನಿಮಿಷಕ್ಕೆ ಒಬ್ಬ ಹುಡುಗ ಒಳಗೆ ಕೂತಿದಾನೆ, ಗೊತ್ತಾ? ಲೋಹಿತ್! ಶನಿವಾರ ಬಸ್ಸು ನಿಲ್ಲಿಸಿ ಕದ್ದ ಅಂತ ನಿಮ್ಮ ಪುಸ್ತಕ ನೋಡಿಯೇ ಹಿಡಿದಿದ್ದು!"

ಮೂರ್ತಪ್ಪ ಕುಸಿದು ಕೂತ. "ನನ್ನ ಪುಸ್ತಕ ನೋಡಿ? ಈ ವಾರ ಪೊಲೀಸರು ಬಂದು ಹಳೇ ಪುಸ್ತಕ ತಗೊಂಡು ಹೋದ್ರಂತೆ. ಯಾಕೆ ಅಂತ ಹೇಳಲಿಲ್ಲ." ಆಗ ಅವನ ಕಣ್ಣು ತನುಜಾಳ ಮೇಲೆ ಬಿತ್ತು. "ನೀನು ಶೇಷಪ್ಪನ ಮಗಳಲ್ವಾ? ಅದೇ ಹುಬ್ಬು. ಅಯ್ಯೋ ಮಗಾ. ಬರೆದುಕೊಡ್ತೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಸೀತಮ್ಮಂಗೆ ಹೇಳು, ಮೂರ್ತಪ್ಪ ಬೇಕಂತ ಮಾಡಿಲ್ಲ ಅಂತ. ಪ್ರತಿ ಶನಿವಾರ ಈ ಗೂಡಿನ ಮುಂದೆಯೇ ಹೋಗ್ತಾಳೆ ನಿನ್ನಮ್ಮ, ಕೈ ಎತ್ತಿ ಹೋಗ್ತಾಳೆ. ಇವತ್ತೂ ಎತ್ತಿದ್ಲು."

ತನುಜಾ ಅಳುತ್ತಾ ನಗುತ್ತಿದ್ದಳು. "ಸಾರ್, ಸಾಕಲ್ವಾ? ಸೋಮವಾರಕ್ಕೆ ಇದು ಸಾಕಲ್ವಾ?"

"ಡಿಕ್ಕಿಯಲ್ಲಿ ಸಿಕ್ಕ ಆ ಅಚ್ಚೊಂದು ಮುಳ್ಳು ಉಳೀತು. ಆದ್ರೆ ಅರ್ಧ ಕೇಸು ಬಿತ್ತು," ಅಂದ ಏಕಾಂತಪ್ಪ. ಹಾಳೆಗಳನ್ನು ಮಡಚಿದ. ಶಂಕರನಾರಾಯಣ ಸಾಹೇಬರು ಎಲ್ಲೋ ಛತ್ರಿ ಮಡಚಿದ ಹಾಗಾಯಿತು.

"ಆದ್ರೂ ಆ ಹುಡುಗ ದಡ್ಡ," ಅಂದ ಮೂರ್ತಪ್ಪ ಕಣ್ಣೊರೆಸಿಕೊಳ್ಳುತ್ತಾ. "ಪೊಲೀಸರಿಗೆ ಒಂದು ಮಾತು ಹೇಳಬಾರದಿತ್ತಾ?"

"ಏನಂತ?"

"ನನ್ನ ಗಡಿಯಾರದ ವಿಷಯ. ಎಲ್ಲಾ ಡ್ರೈವರಿಗೂ ಗೊತ್ತು ಸಾರ್. ಮೂರ್ತಪ್ಪನ ಗಡಿಯಾರಕ್ಕೆ ಶನಿ ಹಿಡಿದಿದೆ ಅಂತ ಆಡ್ಕೊಳ್ತಾರೆ. ಮೊದಲು ಹಾಗಂದವನೇ ಲೋಹಿತ್."

ಮಡಚಿದ ಹಾಳೆ ಏಕಾಂತಪ್ಪನ ಜೇಬಿಗೆ ಹೋಗಲಿಲ್ಲ.

ಲೋಹಿತ್‌ಗೆ ಗೊತ್ತಿತ್ತು. ಮಾಲೀಕರು ಸುಮ್ಮನೆ ಹೊಗಳುತ್ತಾರೆ ಅಂತ ನಕ್ಕಿದ್ದು ಅದಕ್ಕೇ. ಒಂದೇ ಒಂದು ಮಾತು ಹೇಳಿದ್ದರೆ ಪೊಲೀಸರ ಪುಸ್ತಕ ಒಲೆಗೆ ಹೋಗುತ್ತಿತ್ತು. ಐದು ದಿನ ಹಲ್ಲು ಕಚ್ಚಿ ಕೂತಿದ್ದಾನೆ. ಬಿಡಿಸಿಕೊಳ್ಳುವ ದಾರಿ ಗೊತ್ತಿದ್ದೂ ಬಿಡಿಸಿಕೊಳ್ಳದವನು ಯಾರಿಗಾಗಿ ಕೂರುತ್ತಾನೆ?

ಆಗ ಅದು ಕೇಳಿಸಿತು.

ದೂರದಿಂದ, ಊರಬಾಗಿಲ ಕಡೆಯಿಂದ. ದನವೊಂದು ನಿದ್ದೆಯಲ್ಲಿ ನರಳಿದ ಹಾಗೆ ಶುರುವಾಗಿ, ಮೇಲಕ್ಕೇರಲು ನೋಡಿ, ಆಗದೆ ಇಳಿದುಹೋಯಿತು. ಬಸ್ಸುಗಳ ಹಾರ್ನಿನ ನಡುವೆ ಬೇರೆ ಯಾರೂ ತಲೆ ಎತ್ತಲಿಲ್ಲ.

ಮೂರ್ತಪ್ಪ ಏಕಾಂತಪ್ಪನ ತೋಳು ಹಿಡಿದುಕೊಂಡ. ಮುದುಕನ ಮುಖ ಎಳೆ ಮಗುವಿನ ಹಾಗೆ ಅರಳಿತ್ತು.

"ಕೇಳಿಸ್ತಾ ಸಾರ್? ನಿಮಗೂ ಕೇಳಿಸ್ತಾ?"

"ಸೈರನ್ ಅಲ್ವಾ ಅದು?"

"ನಮ್ಮ ಸೈರನ್ನೇ! ಪ್ರತಿ ಶನಿವಾರ, ಈ ಹೊತ್ತಿಗೆ. ನಾನು ಯಾರ ಹತ್ರವೂ ಹೇಳಿಲ್ಲ ಸಾರ್. ಮುದುಕನ ಕಿವಿಯಲ್ಲಿ ಮುಚ್ಚಿದ ಕಾರ್ಖಾನೆ ಕೂಗ್ತದೆ ಅಂತ ನಗ್ತಾರಲ್ಲ. ನನಗೂ ಹಾಗೇ ಅನ್ನಿಸಿತ್ತು."

"ಮುಚ್ಚಿದ ಕಾರ್ಖಾನೆಯಲ್ಲಿ ಅದು ಹೇಗೆ ಕೂಗ್ತದೆ?"

"ಕಾವಲಿಗೆ ಅಂತ ಕರೆಂಟು ಇನ್ನೂ ಉಂಟು, ದೊಡ್ಡ ಸ್ವಿಚ್ಚು ಹಾಕಿದ್ರೆ ಒಂದ್ಸಲ ನರಳಿ ಸುಮ್ಮನಾಗ್ತದೆ. ವೈರಿಂಗ್ ಮಾಡಿದ್ದು ಇವಳಪ್ಪ ಶೇಷಪ್ಪ. ಅಚ್ಚಿನ ಕೋಣೆಯ ಎತ್ತುವ ಯಂತ್ರಕ್ಕೂ ಅದೇ ಸ್ವಿಚ್ಚು. ಯಂತ್ರ ಓಡಬೇಕಾದ್ರೆ..."

ಅವನಿಗೇ ಅರ್ಥವಾಯಿತು; ಏಕಾಂತಪ್ಪನ ತೋಳು ಬಿಟ್ಟ.

"ಯಂತ್ರ ಇಲ್ಲದೆ ಆ ಅಚ್ಚು ಎತ್ತೋಕಾಗಲ್ಲ ಅಲ್ವಾ," ಅಂದ ಏಕಾಂತಪ್ಪ ಮೆಲ್ಲಗೆ. "ಇದ್ರೆ?"

"ಇದ್ರೆ ಬಟನ್ ಒತ್ತಿ ತಳ್ಳುಗಾಡಿಗೆ ಇಳಿಸಿದ್ರೆ ಸಾಕು. ಯಾರು ಬೇಕಾದ್ರೂ ಎತ್ತಬಹುದು."

"ಕಾರ್ಖಾನೆಯ ಕೀಲಿ ಯಾರ ಹತ್ರ ಇದೆ?"

ಮೂರ್ತಪ್ಪ ಮೇಜಿನ ಖಾನೆ ಎಳೆದ. ಒಳಗೆ ಕಬ್ಬಿಣದ ದಪ್ಪ ಕೀಲಿಯೊಂದಿತ್ತು. "ಕಾವಲುಗಾರ ರಜೆ ಅಂತ ಶನಿವಾರ ಇಲ್ಲಿ ಬಿಟ್ಟು ಹೋಗ್ತಾನೆ. ಇಲ್ಲೇ ಇದೆ, ನೋಡಿ. ಇನ್ನೊಂದು..." ಅವನು ತನುಜಾಳ ಕಡೆ ನೋಡಿ, ಬೇಗನೆ ನೆಲ ನೋಡಿದ. "ಇನ್ನೊಂದು ಶೇಷಪ್ಪನ ಹತ್ರ ಇತ್ತು. ಯಾರೂ ವಾಪಸ್ ಕೇಳಲಿಲ್ಲ."

ಏಕಾಂತಪ್ಪ ತಿರುಗಿದ. ಲೋಹಿತ್ ಲಾಕಪ್ಪಿನಲ್ಲಿ. ಒಂದು ಕೀಲಿ ಖಾನೆಯಲ್ಲಿ. ಕಾರ್ಖಾನೆಯ ಒಳಗೆ ಈಗ, ಈ ಗಳಿಗೆಯಲ್ಲಿ, ಯಾರೋ ಇದ್ದಾರೆ.

"ನಿಮ್ಮಪ್ಪನ ಕೀಲಿ ಎಲ್ಲಿದೆ ತನುಜಾ?"

"ಅಪ್ಪನ ಫೋಟೋ ಹಿಂದೆ. ಮೊಳೆಗೆ ನೇತುಹಾಕಿದೀವಿ."

"ಇವತ್ತು ಬೆಳಿಗ್ಗೆ ನೋಡಿದ್ಯಾ?"

ಅವಳ ಕಣ್ಣು ತನ್ನ ಕೈಯಲ್ಲಿದ್ದ ತಿಂಡಿಯ ಡಬ್ಬಿಯ ಮೇಲಿತ್ತು. ಡಬ್ಬಿಗೆ ಸುತ್ತಿದ ಬಟ್ಟೆಯ ಗಂಟನ್ನು ಬೆರಳು ಸುಮ್ಮಸುಮ್ಮನೆ ಬಿಚ್ಚುತ್ತಿತ್ತು, ಕಟ್ಟುತ್ತಿತ್ತು.

ಏಕಾಂತಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ಪ್ರಶ್ನೆ ಕೇಳುವುದಕ್ಕೆ ಹಿಂಜರಿಕೆಯಾಯಿತು. ಆದರೂ ಕೇಳಿದ.

"ನಿಮ್ಮಮ್ಮ ಯಾವ ಗುಡಿಗೆ ಹೋಗ್ತಾರೆ?"

ತನುಜಾ ತಲೆ ಎತ್ತಿದಳು. ಐದು ದಿನದಿಂದ ತಮ್ಮನಿಗಾಗಿ ಕಂಡವರ ಕಾಲು ಹಿಡಿದ ಹೆಣ್ಣು. ಒಂದು ಹೆಜ್ಜೆ ಮುಂದೆ ಬಂದು, ಏಕಾಂತಪ್ಪನ ಕೈಯಲ್ಲಿದ್ದ ಹಾಳೆಗಳನ್ನು ಹಿಡಿದುಕೊಂಡಳು.

"ಈ ಲೆಕ್ಕ ಕೋರ್ಟಿಗೆ ಕೊಡಬೇಡಿ, ಸಾರ್," ಅಂದಳು. "ನಿಮ್ಮ ದಮ್ಮಯ್ಯ. ಲೋಹಿತ್ ಒಳಗೇ ಇರಲಿ."